ಚೌಳು ನೀರಿನ ಅಕ್ವೇರಿಯಂ

ಸಿಹಿನೀರಿಗಿಂತ ಉಪ್ಪಾಗಿಯೂ ಕಡಲ ನೀರಿಗಿಂತ ಸಪ್ಪೆಯಾಗಿಯೂ ಇರುವ ನೀರನ್ನು ಚೌಳು ನೀರು ಎನ್ನುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಸಿಹಿನೀರಿನಲ್ಲಿ ಅದು ಅರ್ಧ ಗ್ರಾಮಿಗಿಂತ ಕಡಿಮೆ. ಇವೆರಡರ ನಡುವೆ, ಲೀಟರಿಗೆ 0.5ರಿಂದ 30 ಗ್ರಾಂವರೆಗೆ ಲವಣವುಳ್ಳ ನೀರೆಲ್ಲ ಚೌಳು ನೀರೇ. ನದಿ ಕಡಲನ್ನು ಸೇರುವ ಅಳಿವೆ, ಹಿನ್ನೀರು, ಕಾಂಡ್ಲಾ ಕಾಡಿನ ಕೆಸರುಗಾಲುವೆಗಳು ಇದರ ಸಹಜ ನೆಲೆಗಳು. ಇಂಥ ಕಡೆ ಬದುಕುವ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ವ್ಯವಸ್ಥೆಯೇ ಚೌಳು ನೀರಿನ ಅಕ್ವೇರಿಯಂ.

ಕೇರಳದ ವೆಂಬನಾಡು, ಒಡಿಶಾದ ಚಿಲಿಕಾ ಭಾರತದ ಹೆಸರಾಂತ ಚೌಳು ನೀರಿನ ತಾಣಗಳು. ಕರ್ನಾಟಕದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ–ಗುರುಪುರ ಮೊದಲಾದ ನದಿಗಳ ಅಳಿವೆಗಳಿವೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯನ್ನು ನೋಡಿದರೆ ಚೌಳು ನೀರಿನ ಸ್ವಭಾವ ತಿಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದಿಂದಿಳಿದ ನೀರು ಅಳಿವೆಯ ಬಹುಭಾಗವನ್ನು ಸಿಹಿಯಾಗಿಸುತ್ತದೆ; ಆಗ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಉಬ್ಬರದ ನೀರು ಮೇಲೇರುತ್ತದೆ. ಅದೇ ಗಜನಿಗಳು ಮೀನು, ಸಿಗಡಿಗಳ ನೆಲೆಯಾಗುತ್ತವೆ. ದಿನಕ್ಕೆರಡು ಬಾರಿಯ ಉಬ್ಬರವಿಳಿತ, ವರ್ಷಕ್ಕೊಮ್ಮೆಯ ಮಳೆಗಾಲ ಎರಡೂ ನೀರಿನ ಉಪ್ಪನ್ನು ಏರಿಳಿಸುತ್ತಲೇ ಇರುತ್ತವೆ. ಹೀಗಾಗಿ ಎಲ್ಲ ಚೌಳು ಮೀನುಗಳಿಗೂ ಒಗ್ಗುವ ಒಂದೇ ಪ್ರಮಾಣದ ಉಪ್ಪುನೀರು ಎಂಬುದಿಲ್ಲ. ತೊಟ್ಟಿ ತಂದು ಉಪ್ಪು ಕಲಸಿ ಆಮೇಲೆ ಮೀನು ಹುಡುಕುವ ಕ್ರಮ ತಲೆಕೆಳಗಾದದ್ದು. ಮೊದಲು ಮೀನನ್ನು ಆರಿಸಿ, ಅದು ಪೂರ್ತಿ ಬೆಳೆದಾಗ ಏನು ಬೇಕೋ ಅದಕ್ಕೆ ತಕ್ಕಂತೆ ತೊಟ್ಟಿಯನ್ನೂ ನೀರನ್ನೂ ಅಣಿಗೊಳಿಸುವುದೇ ಸರಿಯಾದ ದಾರಿ.

ಮೀನಿನ ಮೈ ಮತ್ತು ಉಪ್ಪು

ಬಹುತೇಕ ಎಲುಬುಮೀನುಗಳ ರಕ್ತದ ಲವಣಾಂಶ ಕಡಲ ನೀರಿನ ಸುಮಾರು ಮೂರನೇ ಒಂದರಷ್ಟಿರುತ್ತದೆ. ಸಿಹಿನೀರಿನ ಮೀನಿನ ಮೈಯೊಳಗೆ ಕಿವಿರುಗಳ ಮೂಲಕ ನೀರು ಸದಾ ನುಗ್ಗುತ್ತದೆ. ಅದು ಹೆಚ್ಚಾಗಿ ತೆಳುಮೂತ್ರ ಹೊರಹಾಕಿ, ಕಿವಿರುಗಳಿಂದ ಲವಣವನ್ನು ಹೀರಿಕೊಂಡು ಸಮತೋಲ ಕಾಯುತ್ತದೆ. ಕಡಲಮೀನಿನದು ಇದಕ್ಕೆ ವಿರುದ್ಧ: ಅದು ಮೈನೀರನ್ನು ಕಳೆದುಕೊಳ್ಳುತ್ತಿರುತ್ತದೆ, ಕಡಲ ನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದೂಡುತ್ತದೆ. ಅಳಿವೆಯ ಮೀನುಗಳು ಈ ಎರಡೂ ಕೆಲಸ ಬಲ್ಲವು. ಆದರೆ ಒಂದರಿಂದ ಇನ್ನೊಂದಕ್ಕೆ ಹೊರಳಲು ಕಿವಿರಿನ ಕೋಶಗಳಿಗೆ ಸಮಯ ಬೇಕು. ಸ್ಕ್ಯಾಟ್, ಮೋಲಿಯಂಥ ಗಟ್ಟಿ ಮೀನುಗಳು ಏರಿಳಿತವನ್ನು ಸುಲಭವಾಗಿ ತಾಳುತ್ತವೆ; ಅಂಗಡಿಯಲ್ಲಿ ತಿಂಗಳುಗಟ್ಟಲೆ ಸಿಹಿನೀರಿನಲ್ಲೇ ಇದ್ದು ಸೊರಗಿದ ಮೀನು ತಾಳಲಾರದು.

ಉಪ್ಪು ಮತ್ತು ಅದರ ಅಳತೆ

ಅಡುಗೆ ಉಪ್ಪು ಈ ಕೆಲಸಕ್ಕೆ ಬಾರದು. ಕಡಲ ನೀರಿನ ಲವಣದಲ್ಲಿ ತೂಕದ ಲೆಕ್ಕದಲ್ಲಿ ಶೇ 55ರಷ್ಟು ಕ್ಲೋರೈಡ್, ಶೇ 30ಕ್ಕೆ ತುಸು ಮಿಕ್ಕಿ ಸೋಡಿಯಂ ಇದ್ದರೂ ಉಳಿದ ಭಾಗದಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್‌ಗಳಿವೆ. ನೀರನ್ನು ಗಡಸಾಗಿಸುವುದು, ಅದರ ಪಿಎಚ್ ಕುಸಿಯದಂತೆ ಹಿಡಿದಿಡುವುದು ಈ ಉಳಿದ ಭಾಗವೇ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಲ್ಲಿ ಬಿಸಿಲಿಗೆ ಒಣಗಿಸಿದ ಕಲ್ಲುಪ್ಪು ಕಡಲಿನಿಂದಲೇ ಬಂದದ್ದಾದರೂ ಅದೂ ಸಾಲದು. ನೀರು ಆವಿಯಾಗುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಬಳಿಕ ಜಿಪ್ಸಂ ತಳಕ್ಕಿಳಿಯುತ್ತವೆ; ಆಮೇಲೆ ಉಪ್ಪು ಹರಳುಗಟ್ಟುತ್ತದೆ; ಮೆಗ್ನೀಸಿಯಂ ಲವಣಗಳು ಕೊನೆಯ ಕಹಿನೀರಿನಲ್ಲಿ ಉಳಿಯುತ್ತವೆ. ಕೈಗೆ ಸಿಗುವ ಹರಳು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ಆದ್ದರಿಂದ ಕಡಲ ಅಕ್ವೇರಿಯಂಗಳಿಗೆಂದೇ ತಯಾರಾಗುವ ಸಂಯುಕ್ತ ಲವಣವನ್ನು, ಅಂದರೆ ಮರೀನ್ ಸಾಲ್ಟನ್ನು ಬಳಸಬೇಕು. ಇದು ದುಬಾರಿ, ಆದರೆ ಚೌಳು ತೊಟ್ಟಿಗೆ ಕಡಲ ತೊಟ್ಟಿಗಿಂತ ಬಹಳ ಕಡಿಮೆ ಸಾಕಾಗುತ್ತದೆ.

ಲವಣಾಂಶವನ್ನು ಅಳೆಯಲು ತೇಲುವ ಹೈಡ್ರೋಮೀಟರ್ ಅಥವಾ ರಿಫ್ರ್ಯಾಕ್ಟೋಮೀಟರ್ ಬೇಕು. ಹೈಡ್ರೋಮೀಟರ್ ತೋರಿಸುವುದು ನೀರಿನ ಸಾಪೇಕ್ಷ ಸಾಂದ್ರತೆಯನ್ನು. ಶುದ್ಧ ನೀರಿಗೆ 1.000 ಎಂದಿಟ್ಟುಕೊಂಡರೆ ಕಡಲ ನೀರು ಸುಮಾರು 1.026 ತೋರಿಸುತ್ತದೆ. 1.005 ಎಂದರೆ ಲೀಟರಿಗೆ ಸರಿಸುಮಾರು 7 ಗ್ರಾಂ, 1.010 ಎಂದರೆ 13, 1.015 ಎಂದರೆ 20 ಗ್ರಾಂ ಲವಣ. ಉಪಕರಣವನ್ನು ಯಾವ ಉಷ್ಣತೆಗೆ ಹೊಂದಿಸಿದ್ದಾರೆಂಬುದು ಅದರ ಮೇಲೆಯೇ ಬರೆದಿರುತ್ತದೆ. ತೊಟ್ಟಿಯ ನೀರು ಬೇರೆ ಉಷ್ಣತೆಯಲ್ಲಿದ್ದರೆ ಅಂಕಿ ತಪ್ಪುತ್ತದೆ. ರಿಫ್ರ್ಯಾಕ್ಟೋಮೀಟರಿಗೆ ಒಂದೆರಡು ಹನಿ ಸಾಕು, ನಿಖರತೆಯೂ ಹೆಚ್ಚು. ಚೌಳು ತೊಟ್ಟಿಯಲ್ಲಿ 1.005 ಮತ್ತು 1.006ರ ನಡುವಿನ ವ್ಯತ್ಯಾಸ ಮೀನಿಗೆ ದೊಡ್ಡದಲ್ಲ. ಕಡಲ ತೊಟ್ಟಿಗೆ ಬೇಕಾದ ಕಟ್ಟುನಿಟ್ಟು ಇಲ್ಲಿ ಬೇಡ; ಅದಕ್ಕೇ ಈ ಬಗೆಯ ಅಕ್ವೇರಿಯಂ ಹೊಸಬರಿಗೂ ಒಲಿಯಬಲ್ಲದು.

ತೊಟ್ಟಿಯನ್ನು ಅಣಿಗೊಳಿಸುವುದು

90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿ ಅಂಚಿನವರೆಗೆ 182 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದು ನಿಜವಾಗಿ ಉಳಿಯುವ ನೀರು 150 ಲೀಟರಿನಷ್ಟು. ಲೀಟರಿಗೆ 7 ಗ್ರಾಂನಂತೆ ಇದಕ್ಕೆ ಬೇಕಾಗುವ ಲವಣ 1,050 ಗ್ರಾಂ. ಸಣ್ಣ ಮೀನುಗಳ ತೊಟ್ಟಿಗೆ ಈ ಅಳತೆ ಹದವಾದದ್ದು. ಲವಣವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಗಾಳಿ ಹಾಯಿಸಿ, ಒಂದು ರಾತ್ರಿ ಬಿಟ್ಟು ಬಳಸಬೇಕು. ಮೀನಿರುವ ತೊಟ್ಟಿಗೆ ಹರಳನ್ನು ನೇರವಾಗಿ ಸುರಿಯಲೇಬಾರದು. ಅದು ಕಿವಿರು, ಚರ್ಮಗಳನ್ನು ಸುಡುತ್ತದೆ.

ನಲ್ಲಿ ನೀರಿನ ಕ್ಲೋರಿನ್ ತೆಗೆಯುವುದು ಎಲ್ಲ ಅಕ್ವೇರಿಯಂಗಳಿಗೂ ಅನ್ವಯಿಸುವ ಮಾತು. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಸಿಹಿನೀರಿನ ಎಷ್ಟೋ ಮೀನುಗಳಿಗೆ ತೊಡಕಾದರೂ ಚೌಳು ಮೀನುಗಳಿಗೆ ಹಿತವೇ. ಕರಾವಳಿಯ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾಗಿಯೂ ತುಸು ಆಮ್ಲೀಯವಾಗಿಯೂ ಇರುತ್ತದೆ. ಅಲ್ಲಿ ಹವಳದ ಮರಳು ಅಥವಾ ಕಪ್ಪೆಚಿಪ್ಪಿನ ಪುಡಿಯನ್ನು ತಳದಲ್ಲಿ ಹರಡಿದರೆ ಅದು ನಿಧಾನವಾಗಿ ಕರಗಿ ಪಿಎಚ್ ಅನ್ನು 7.5ರಿಂದ 8.3ರ ನಡುವೆ ನಿಲ್ಲಿಸುತ್ತದೆ. ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರಾವಳಿಯಲ್ಲಿ ಹೀಟರ್ ಬಹುತೇಕ ಬೇಕಾಗದು. ಬೆಂಗಳೂರು, ಮಡಿಕೇರಿಗಳ ಚಳಿಗಾಲಕ್ಕೆ ಬೇಕಾಗುತ್ತದೆ.

ಫಿಲ್ಟರಿನ ಕೆಲಸ ಕಸ ಸೋಸುವುದಕ್ಕಷ್ಟೇ ಮುಗಿಯದು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವುದು ಅದರ ಸ್ಪಂಜು, ಪಿಂಗಾಣಿ ಬಿಲ್ಲೆಗಳ ಮೇಲೆಯೇ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಚೌಳು ನೀರಿನಲ್ಲಿ ಈ ಕಾಯುವಿಕೆಗೆ ಹೆಚ್ಚಿನ ಮಹತ್ವವಿದೆ. ಪಿಎಚ್ 7 ಇರುವ 25 ಡಿಗ್ರಿ ಉಷ್ಣತೆಯ ಸಿಹಿನೀರಿನಲ್ಲಿ ಒಟ್ಟು ಅಮೋನಿಯಾದ ಶೇ 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೇರಿದರೆ ಅದು ಶೇ 5ರಷ್ಟಾಗುತ್ತದೆ. ಲವಣ ಬೆರೆತಾಗ ಈ ಪಾಲು ತುಸು ತಗ್ಗಿದರೂ, ಸಿಹಿನೀರಿನಲ್ಲಿ ಮೀನು ಸಹಿಸುವ ಅಮೋನಿಯಾ ಕ್ಷಾರೀಯ ಚೌಳು ನೀರಿನಲ್ಲಿ ಕೊಲ್ಲಬಲ್ಲದು. ನೈಟ್ರೈಟ್ ವಿಷಯದಲ್ಲಿ ಮಾತ್ರ ಉಪ್ಪಿನ ಉಪಕಾರವಿದೆ: ನೀರಿನ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ. ಸಿಹಿನೀರಿನಲ್ಲಿ ಪಳಗಿದ ಫಿಲ್ಟರನ್ನು ಚೌಳಿಗೆ ತರುವಾಗ ವಾರಕ್ಕೆ 0.002ರಷ್ಟು ಸಾಂದ್ರತೆಯನ್ನಷ್ಟೇ ಏರಿಸಬೇಕು. ಒಮ್ಮೆಲೇ ಏರಿಸಿದರೆ ಬ್ಯಾಕ್ಟೀರಿಯಾ ಸೊರಗಿ ಅಮೋನಿಯಾ ಏರುತ್ತದೆ.

ಉಪ್ಪು ಹೆಚ್ಚಿದಂತೆ, ಬಿಸಿ ಹೆಚ್ಚಿದಂತೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದಿಟ್ಟರೆ ಕಡಲ ನೀರು 6.8ರಷ್ಟನ್ನು ಹಿಡಿಯುತ್ತದೆ. ನೀರಿನ ಮೇಲ್ಮೈಯನ್ನು ಕಲಕುವ ಬಲವಾದ ಪಂಪ್ ಇದಕ್ಕೆ ಪರಿಹಾರ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ 1.012ಕ್ಕಿಂತ ತೆಳುವಾದ ನೀರಿನಲ್ಲಿ ಸರಿಯಾಗಿ ನೊರೆ ಕಟ್ಟದು. ತುಕ್ಕು ಹಿಡಿಯುವ ಲೋಹದ ಕ್ಲಿಪ್ಪು, ಮುಚ್ಚಳ, ದೀಪದ ಹೋಲ್ಡರುಗಳನ್ನು ದೂರವಿಡಬೇಕು.

ಸಸ್ಯಗಳ ಆಯ್ಕೆ ಸಣ್ಣದು. ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್ ಸಿಲಿಯಾಟಾ, ನೀರುಬ್ರಾಹ್ಮಿ ಇವು 1.005ರ ಆಸುಪಾಸಿನವರೆಗೆ ಬದುಕುತ್ತವೆ. ಅದಕ್ಕೂ ಉಪ್ಪಾದ ನೀರಿನಲ್ಲಿ ಕಾಂಡ್ಲಾ ಸಸಿ ಚೆಂದ. ರೈಜೋಫೋರಾ ಕಾಂಡ್ಲಾದ ಬೀಜ ತಾಯಿಮರದಲ್ಲಿ ನೇತಾಡುತ್ತಿರುವಾಗಲೇ ಮೊಳೆತು ಉದ್ದನೆಯ ಕೋಲಿನಂತಾಗಿ ಕೆಳಗೆ ಬೀಳುತ್ತದೆ. ಅದರ ತುದಿಯನ್ನು ಮರಳಿಗೆ ಊರಿ, ಎಲೆಗಳು ನೀರಿನ ಮೇಲಿರುವಂತೆ ನಿಲ್ಲಿಸಿದರೆ ನಿಧಾನವಾಗಿ ಬೆಳೆಯುತ್ತದೆ. ಸಸಿಯನ್ನು ನರ್ಸರಿಯಿಂದ ಪಡೆಯಬೇಕೇ ಹೊರತು ಕಾಡಿನಿಂದ ಕಿತ್ತು ತರಬಾರದು. ಕವಲೊಡೆದ ಮರದ ಬೇರು, ದುಂಡು ಕಲ್ಲು, ಖಾಲಿ ಚಿಪ್ಪುಗಳಿಂದ ತೊಟ್ಟಿಗೆ ಅಳಿವೆಯ ರೂಪವೂ ಮೀನಿಗೆ ಅಡಗುದಾಣವೂ ಸಿಗುತ್ತವೆ.

ಹೊಂದಿಕೆಯಾಗುವ ಮೀನುಗಳು

ಹೊಂದಿಕೆಯನ್ನು ಮೂರು ಕಡೆಯಿಂದ ನೋಡಬೇಕು: ಬೇಕಾದ ಲವಣಾಂಶ, ಬೆಳೆದಾಗಿನ ಗಾತ್ರ, ಸ್ವಭಾವ. ಮಾರುಕಟ್ಟೆಗೆ ಬರುವ ಚೌಳು ಮೀನುಗಳಲ್ಲಿ ಹೆಚ್ಚಿನವು ನಾಲ್ಕೈದು ಸೆಂ.ಮೀ.ನ ಮರಿಗಳಾದ್ದರಿಂದ ಗಾತ್ರದ ವಿಷಯದಲ್ಲೇ ಹೆಚ್ಚು ಎಡವಟ್ಟಾಗುತ್ತದೆ.

1.002ರಿಂದ 1.005ರ ತೆಳುಚೌಳು ನೀರಿಗೆ ಒಗ್ಗುವ ಸಣ್ಣ ಮೀನುಗಳು ಮನೆಯ ತೊಟ್ಟಿಗೆ ಅತ್ಯುತ್ತಮ. ಹಳದಿ–ಕಪ್ಪು ಪಟ್ಟೆಯ ಬಂಬಲ್‌ಬೀ ಗೋಬಿ ಮೂರ್ನಾಲ್ಕು ಸೆಂ.ಮೀ. ಮೀರದು, ತಳದಲ್ಲಿ ತನ್ನದೇ ಚಿಪ್ಪನ್ನೋ ಬಿಲವನ್ನೋ ಕಾಯುತ್ತ ಕೂರುತ್ತದೆ. ಇದು ಒಣ ಆಹಾರವನ್ನು ಮುಟ್ಟುವುದು ಅಪರೂಪ. ಆರ್ಟೀಮಿಯಾ ಮರಿ, ಹುಳು ಮೊದಲಾದ ಜೀವಂತ ಅಥವಾ ಹೆಪ್ಪುಗಟ್ಟಿಸಿದ ಆಹಾರ ಕೊಡಬೇಕು. ಚುರುಕಾದ ಮೀನುಗಳ ಜೊತೆಗಿಟ್ಟರೆ ಹಸಿದು ಸಾಯುತ್ತದೆ. ಭಾರತದಿಂದ ಇಂಡೋನೇಷ್ಯಾವರೆಗೆ ಹರಡಿರುವ ನೈಟ್ ಗೋಬಿ, ಅಂದರೆ ಸ್ಟಿಗ್ಮಟೊಗೋಬಿಯಸ್ ಸದಾನುಂದಿಯೊ, ಒಂಬತ್ತು ಸೆಂ.ಮೀ.ವರೆಗೆ ಬೆಳೆಯುವ, ಕಪ್ಪುಚುಕ್ಕೆಗಳ ಬೂದುಬಣ್ಣದ ಮೀನು, ಗೋಬಿಗಳಲ್ಲಿ ಸೌಮ್ಯವಾದದ್ದು. ಮೇಲ್ಭಾಗದಲ್ಲಿ ಈಜುವುದಕ್ಕೆ ಮೋಲಿಗಳಿವೆ. ಇವು ಸಿಹಿನೀರಿನಿಂದ ಕಡಲ ನೀರಿನವರೆಗೆ ಎಲ್ಲಿ ಬೇಕಾದರೂ ಬದುಕಬಲ್ಲವು. ಮೆದುವಾದ ಸಿಹಿನೀರಿನಲ್ಲಿ ಪದೇ ಪದೇ ರೋಗಕ್ಕೀಡಾಗುವ ಮೋಲಿ ತುಸು ಉಪ್ಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಳಿವೆಗಳ ಪುಟ್ಟ ಒರಿಜಿಯಾಸ್ ಮೀನುಗಳ ಗುಂಪನ್ನೂ ಸೇರಿಸಬಹುದು.

ಭಾರತದ ಓದುಗರ ಗಮನ ವಿಶೇಷವಾಗಿ ಹರಿಯಬೇಕಾದುದು ಕ್ರೋಮೈಡ್‌ಗಳ ಕಡೆಗೆ. ಆಫ್ರಿಕಾ, ಅಮೆರಿಕಗಳಲ್ಲಿ ನೂರಾರು ಪ್ರಭೇದಗಳಾಗಿ ಹಬ್ಬಿರುವ ಸಿಕ್ಲಿಡ್ ಕುಟುಂಬದಲ್ಲಿ ಭಾರತದ ಸ್ವಂತ ಮೀನುಗಳು ಮೂರೇ: ಹಸಿರು ಕ್ರೋಮೈಡ್, ಕಿತ್ತಳೆ ಕ್ರೋಮೈಡ್ ಮತ್ತು ಕೆನರಾ ಕ್ರೋಮೈಡ್. ಇವುಗಳ ಹತ್ತಿರದ ಬಂಧುಗಳಿರುವುದು ಮಡಗಾಸ್ಕರಿನಲ್ಲಿ. ಕರಿಮೀನು ಎಂದು ಊಟದೆಲೆಯ ಮೇಲೆ ಹೆಸರಾದ ಹಸಿರು ಕ್ರೋಮೈಡನ್ನು ಕೇರಳ 2010ರಲ್ಲಿ ರಾಜ್ಯದ ಮೀನೆಂದು ಸಾರಿತು. ಅದು 20 ಸೆಂ.ಮೀ. ಸುಲಭವಾಗಿ ದಾಟುತ್ತದೆ, ಸಸ್ಯಗಳನ್ನು ಮೇಯುತ್ತದೆ, ಗುಂಪಿನಲ್ಲಿರಬಯಸುತ್ತದೆ. ಅದಕ್ಕೆ 300 ಲೀಟರಿಗೂ ದೊಡ್ಡ ತೊಟ್ಟಿ ಬೇಕು. ಎಂಟು ಸೆಂ.ಮೀ.ನಷ್ಟು ಬೆಳೆಯುವ ಕಿತ್ತಳೆ ಕ್ರೋಮೈಡ್ ಮಾತ್ರ ಮನೆಯ ತೊಟ್ಟಿಗೆ ಹೇಳಿ ಮಾಡಿಸಿದಂತಿದೆ. ಹೊಂಬಣ್ಣದ ಮೈ, ಪಕ್ಕದಲ್ಲಿ ಕಪ್ಪು ಮಚ್ಚೆ. ಗಂಡುಹೆಣ್ಣುಗಳೆರಡೂ ಸೇರಿ ಮೊಟ್ಟೆ ಕಾಯುತ್ತವೆ, ಮರಿಗಳು ತಂದೆತಾಯಿಯ ಮೈಲೋಳೆಯನ್ನು ಹೆಕ್ಕಿ ತಿನ್ನುತ್ತವೆ. ಅಳಿವೆಯಲ್ಲಿ ಎರಡು ಪ್ರಭೇದಗಳ ಸಂಬಂಧ ಇನ್ನೂ ಕುತೂಹಲದ್ದು: ಎಳೆಯ ಕಿತ್ತಳೆ ಕ್ರೋಮೈಡ್‌ಗಳು ಹಸಿರು ಕ್ರೋಮೈಡ್‌ಗಳ ಮೈ ಶುಚಿಗೊಳಿಸುತ್ತವೆ, ಅದೇ ಜಾತಿಯ ಬೆಳೆದ ಮೀನುಗಳು ಹಸಿರು ಕ್ರೋಮೈಡಿನ ಗೂಡಿಗೆ ನುಗ್ಗಿ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಮೂರನೆಯದಾದ ಕೆನರಾ ಕ್ರೋಮೈಡ್ ದಕ್ಷಿಣ ಕನ್ನಡದ ಹೊಳೆಗಳಿಗೆ ಸೀಮಿತವಾದ ಸಿಹಿನೀರಿನ ಮೀನು. ಬಂಧುಗಳು ಚೌಳಿನವೆಂದು ಇದನ್ನೂ ಉಪ್ಪುನೀರಿಗೆ ಬಿಡುವುದು ತಪ್ಪು.

1.008ರಿಂದ 1.015ರವರೆಗಿನ ನೀರಿಗೆ ಸ್ಕ್ಯಾಟ್, ಮೋನೊ, ಆರ್ಚರ್ ಮೀನುಗಳ ಕೂಟ ಹೆಸರುವಾಸಿ. ಸ್ಕ್ಯಾಟೊಫಾಗಸ್ ಆರ್ಗಸ್ ತಟ್ಟೆಯಂತೆ ಚಪ್ಪಟೆಯಾದ, ಮೈತುಂಬ ಚುಕ್ಕೆಯ ಮೀನು, 20 ಸೆಂ.ಮೀ. ದಾಟಿ ಬೆಳೆಯುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಅಷ್ಟೇ ಕಸವನ್ನೂ ಮಾಡುತ್ತದೆ. ಇದರ ಬೆನ್ನುಮುಳ್ಳು ಚುಚ್ಚಿದರೆ ನೋವು ಜೋರು. ಬಲೆಗಿಂತ ಪ್ಲಾಸ್ಟಿಕ್ ಪಾತ್ರೆಯಲ್ಲಿ ಹಿಡಿಯುವುದು ಲೇಸು. ಬೆಳ್ಳಿಯಂತೆ ಮಿಂಚುವ ಮೋನೊಡ್ಯಾಕ್ಟೈಲಸ್ ಅರ್ಜೆಂಟಿಯಸ್ ಗುಂಪುಜೀವಿ. ಒಂಟಿಯಾಗಿಟ್ಟರೆ ಅಂಜುಬುರುಕ, ಐದಾರು ಇದ್ದರೆ ಇಡೀ ತೊಟ್ಟಿ ಓಡಾಡುತ್ತದೆ. ಎರಡೂ ಬೆಳೆದಂತೆ ಹೆಚ್ಚು ಉಪ್ಪನ್ನು ಬಯಸುತ್ತವೆ. ಕೊನೆಗೆ ಕಡಲ ನೀರಿನಲ್ಲೇ ಇಡಬಹುದು. ಇವಕ್ಕೆ 400–500 ಲೀಟರ್ ತೊಟ್ಟಿ ಕನಿಷ್ಠ.

ಆರ್ಚರ್ ಮೀನು ನಾಲಗೆಯನ್ನು ಅಂಗುಳಿನ ತೋಡಿಗೆ ಒತ್ತಿ, ಕಿವಿರುಮುಚ್ಚಳಗಳನ್ನು ಫಕ್ಕನೆ ಮುಚ್ಚಿ ನೀರಿನ ಪಿಚಕಾರಿ ಹಾರಿಸುತ್ತದೆ. ಮೀಟರಿಗೂ ಮಿಕ್ಕ ದೂರದಲ್ಲಿ ಎಲೆಯ ಮೇಲೆ ಕೂತ ಕೀಟವನ್ನು ಕೆಡವಬಲ್ಲದು. ಗಾಳಿಯಿಂದ ನೀರಿಗೆ ಬರುವಾಗ ಬೆಳಕು ಬಾಗುವುದರಿಂದ ಆಗುವ ದೃಷ್ಟಿದೋಷವನ್ನೂ ಸರಿದೂಗಿಸಿಕೊಳ್ಳುತ್ತದೆ. ಈ ಆಟ ಕಾಣಬೇಕಾದರೆ ತೊಟ್ಟಿಯನ್ನು ಪೂರ್ತಿ ತುಂಬಿಸದೆ ಮೇಲೆ 20–30 ಸೆಂ.ಮೀ. ಬಿಟ್ಟು, ಗಾಜಿನ ಗೋಡೆಗೋ ಕಾಂಡ್ಲಾ ಎಲೆಗೋ ಜಿರಲೆಮರಿ, ಮಿಡತೆಗಳನ್ನು ಅಂಟಿಸಬೇಕು. ಜಿಗಿಯುವ ಮೀನಾದ್ದರಿಂದ ಭದ್ರ ಮುಚ್ಚಳ ಬೇಕೇ ಬೇಕು. ಬಾಯಿಗೆ ಹಿಡಿಸುವ ಸಣ್ಣ ಮೀನುಗಳನ್ನು ಇದು ಉಳಿಸದು.

ಪಫರ್ ಮೀನುಗಳನ್ನು ಬೇರೆಯಾಗಿಯೇ ಇಡುವುದು ಕ್ಷೇಮ. ಅವುಗಳ ದುಂಡುಮೈ, ತಿರುಗುವ ಕಣ್ಣು, ಸಾಕಿದವರನ್ನು ಗುರುತಿಸಿ ಗಾಜಿನ ಬಳಿ ಬರುವ ಬುದ್ಧಿ ಎಲ್ಲರನ್ನೂ ಸೆಳೆಯುತ್ತವೆ. ಆದರೆ ಇತರ ಮೀನುಗಳ ಈಜುರೆಕ್ಕೆ ಕಚ್ಚುವುದು ಅವುಗಳ ಹುಟ್ಟುಗುಣ. ಎಂಟು ಸೆಂ.ಮೀ.ನ ಫಿಗರ್-ಏಟ್ ಪಫರಿಗೆ 1.005 ಸಾಕು. 15 ಸೆಂ.ಮೀ. ಮುಟ್ಟುವ ಹಸಿರು ಚುಕ್ಕೆಯ ಪಫರಿಗೆ ವಯಸ್ಸಾದಂತೆ 1.010 ಮೀರಿದ ಉಪ್ಪು ಬೇಕು. ಕಶೇರುಕಗಳಲ್ಲೇ ಅತಿ ಚಿಕ್ಕ ಜೀನೋಮುಗಳಲ್ಲಿ ಒಂದು ಈ ಮೀನಿನದಾದ್ದರಿಂದ ವಿಜ್ಞಾನಿಗಳು ಇದನ್ನು ಆಯ್ದು, 2004ರಲ್ಲಿ ಅದರ ಅನುಕ್ರಮವನ್ನು ಪ್ರಕಟಿಸಿದರು. ಪಫರಿನ ಹಲ್ಲುಗಳು ಕೊಕ್ಕಿನಂತೆ ಬೆಸೆದು ಜೀವನವಿಡೀ ಬೆಳೆಯುತ್ತವೆ; ಚಿಪ್ಪಿನ ಸಮೇತ ಬಸವನಹುಳು, ಸಣ್ಣ ಏಡಿ ತಿನ್ನಿಸದಿದ್ದರೆ ಬಾಯಿ ತೆರೆಯಲಾಗದೆ ಮೀನು ಸಾಯುತ್ತದೆ.

ಕೆಸರಿನ ಮೇಲೆ ಕುಪ್ಪಳಿಸುವ ಮಡ್‌ಸ್ಕಿಪ್ಪರುಗಳು ಕರ್ನಾಟಕದ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಯಾರಿಗಾದರೂ ಕಾಣಸಿಗುತ್ತವೆ. ಒದ್ದೆ ಚರ್ಮದಿಂದಲೂ ಉಸಿರಾಡುವ ಇವಕ್ಕೆ ಅರ್ಧ ನೆಲ, ಅರ್ಧ ನೀರಿರುವ, ಗಾಳಿಯ ತೇವ ಆರದಂತೆ ಮುಚ್ಚಿದ ತೊಟ್ಟಿ ಬೇಕು. ಗಂಡುಗಳು ಜಾಗಕ್ಕಾಗಿ ಕಾದಾಡುತ್ತವೆ. ಇತರ ಮೀನುಗಳೊಂದಿಗೆ ಇವನ್ನು ಸೇರಿಸುವುದರಲ್ಲಿ ಅರ್ಥವಿಲ್ಲ.

ಮಾರುಕಟ್ಟೆಯ ಎರಡು ತಪ್ಪುಗಳನ್ನು ಇಲ್ಲಿ ಹೇಳಬೇಕು. ಪರಾಂಬಾಸಿಸ್ ರಂಗಾ ಎಂಬ ಗಾಜುಮೀನನ್ನು ಚೌಳಿನದೆಂದು ಹೇಳಿ ಕೊಡುವುದುಂಟು. ಅದು ಮುಖ್ಯವಾಗಿ ಸಿಹಿನೀರಿನದು. ಇನ್ನೊಂದೆಡೆ ಕೊಲಂಬಿಯನ್ ಶಾರ್ಕ್ ಎಂಬ ಹೆಸರಿನ ಬೆಳ್ಳಿಬಣ್ಣದ ಕ್ಯಾಟ್‌ಫಿಶ್ ಮರಿ ಸಿಹಿನೀರಿನ ಮೀನಾಗಿ ಬಿಕರಿಯಾಗುತ್ತದೆ; ಅದು 30 ಸೆಂ.ಮೀ.ನಷ್ಟು ಬೆಳೆದು ಉಪ್ಪುನೀರನ್ನೇ ಕೇಳುತ್ತದೆ.

ನಿರ್ವಹಣೆ

ತಂದ ಮೀನನ್ನು ಅಂಗಡಿಯ ನೀರಿನ ಲವಣಾಂಶದಲ್ಲೇ ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು, ಬಳಿಕ ಹಂತಹಂತವಾಗಿ ಏರಿಸಬೇಕು. ವಾರಕ್ಕೊಮ್ಮೆ ಶೇ 20–25ರಷ್ಟು ನೀರನ್ನು ಅಷ್ಟೇ ಉಪ್ಪಿನ ಹೊಸ ನೀರಿನಿಂದ ಬದಲಿಸಬೇಕು. ಆವಿಯಾದ ನೀರನ್ನು ತುಂಬುವುದು ಇದಕ್ಕಿಂತ ಬೇರೆ ಕೆಲಸ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಆ ಕೊರತೆಗೆ ಸಿಹಿನೀರನ್ನೇ ಸುರಿಯಬೇಕು. ಮೇಲೆ ಹೇಳಿದ 150 ಲೀಟರ್ ತೊಟ್ಟಿಯಲ್ಲಿ 15 ಲೀಟರ್ ಆವಿಯಾದಾಗಲೆಲ್ಲ ಉಪ್ಪುನೀರನ್ನೇ ತುಂಬಿದರೆ ಪ್ರತಿ ಸಲ 105 ಗ್ರಾಂ ಲವಣ ಸೇರುತ್ತದೆ, ಹತ್ತನೆಯ ಸಲಕ್ಕೆ ಲವಣಾಂಶ ಇಮ್ಮಡಿಯಾಗಿರುತ್ತದೆ.

ರೋಗಗಳ ವಿಷಯದಲ್ಲಿ ಚೌಳು ನೀರು ಮೀನಿನ ಪಕ್ಷದಲ್ಲಿದೆ. ಸಿಹಿನೀರಿನ ಬಿಳಿಚುಕ್ಕೆ ರೋಗದ ಜೀವಿ ಲೀಟರಿಗೆ 5 ಗ್ರಾಂ ಲವಣವಿರುವ ನೀರಿನಲ್ಲಿ ಹರಡಲಾರದು. ಆದರೆ ವೆಲ್ವೆಟ್ ರೋಗ ತರುವ ಅಮೈಲೊಊಡಿನಿಯಂ ಚೌಳಿನಲ್ಲೂ ಬದುಕುತ್ತದೆ. ತಾಮ್ರ ಬೆರೆಸಿದ ಔಷಧಿ ಪಫರುಗಳಿಗೆ ಅಪಾಯಕಾರಿ, ಬಸವನಹುಳು ಏಡಿಗಳಿಗೆ ಮಾರಕ.

ಚೌಳು ಮೀನುಗಳಲ್ಲಿ ಬಹುಪಾಲು ಇಂದಿಗೂ ಅಳಿವೆಗಳಿಂದ ಹಿಡಿದು ತಂದವೇ. ಚೆನ್ನೈನ ಕೇಂದ್ರೀಯ ಚೌಳು ನೀರು ಜಲಕೃಷಿ ಸಂಸ್ಥೆ ಕರಿಮೀನು, ಸ್ಕ್ಯಾಟ್, ಮೋನೊಗಳನ್ನು ಕೃತಕವಾಗಿ ಮರಿಮಾಡಿಸುವ ವಿಧಾನಗಳನ್ನು ರೂಪಿಸಿದೆ. ಸಾಕಣೆಯಲ್ಲಿ ಹುಟ್ಟಿದ ಮರಿಗಳು ಸಿಗುವಲ್ಲಿ ಅವನ್ನೇ ಕೊಳ್ಳಬೇಕು. ಹೆಚ್ಚಾದ ಅಥವಾ ಬೆಳೆದು ಹಿಡಿಸದಾದ ಮೀನನ್ನು ಅಂಗಡಿಗೆ ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬಹುದು. ಹೊಳೆಗೆ, ಕೆರೆಗೆ ಬಿಡಕೂಡದು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯಾ ಸಿಹಿನೀರು, ಚೌಳು ನೀರು ಎರಡಕ್ಕೂ ಒಗ್ಗಿಕೊಂಡು ಅಳಿವೆಗಳವರೆಗೆ ಹಬ್ಬಿ, ಕರಿಮೀನಿನ ಆಹಾರಕ್ಕೂ ಗೂಡಿನ ಜಾಗಕ್ಕೂ ಪೈಪೋಟಿಯಾಗಿದೆ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ತೋಟಕ್ಕೋ ಬಾವಿಯ ಬಳಿಗೋ ಚೆಲ್ಲದೆ ಚರಂಡಿಗೆ ಬಿಡಬೇಕು.